ಬಣ್ಣ ಬಳಿದ ಓದು

ಡೊಂಬಿವಲಿಯಿಂದ ಥಾಣೆಗೆ ಒಂದು ಗಾಡಿ, ಥಾಣೆಯಿಂದ ವಾಶಿಗೆ ಇನ್ನೊಂದು. ಈ ಎರಡು ಗಾಡಿಗಳಲ್ಲಿ ಕೂತು, ನಿಂತು, ನೇತಾಡಿ ನಾನು ಪಿಎಚ್.ಡಿ. ಮುಗಿಸಿದೆ ಎಂದು ಮುಂದೊಂದು ದಿನ ಎಲ್ಲರೆದುರು ಹೇಳಿಕೊಳ್ಳಬೇಕೆಂಬ ಆಸೆ ನನಗೆ ಬಹಳ ಇತ್ತು. ಹೇಳುವ ಮಾತುಗಳನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಆ ಭಾಷಣ ಹಾಗೇ ಉಳಿಯಿತು. ಪಿಎಚ್.ಡಿ. ಆಗಲಿಲ್ಲ. ಆಗದೆ ಹೋದದ್ದು ಸೋಮಾರಿತನದಿಂದಲ್ಲ. ಓದದೆ ಇದ್ದುದರಿಂದ ಅಂತೂ ಅಲ್ಲವೇ ಅಲ್ಲ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಾಶಿಯ ಒಂದು ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂದರೆ ತಾಸಿನ ಲೆಕ್ಕದಲ್ಲಿ. ಪಾಠ ಮಾಡಿದ ತಾಸಿಗಷ್ಟೇ ಸಂಬಳ. ಗಣಪತಿ, ದೀಪಾವಳಿ, ಪರೀಕ್ಷೆ ಎಂದು ಕಾಲೇಜಿಗೆ ರಜೆ ಬಂದರೆ ನಮ್ಮ ಸಂಬಳಕ್ಕೂ ರಜೆ. ಹಿಂದಿನ ವರ್ಷ ಪಕ್ಕದಲ್ಲಿ ಕೂತು ಚಹಾ ಕುಡಿದವರೇ ಪ್ರತಿ ಜೂನ್ ತಿಂಗಳಲ್ಲಿ ಮೇಜಿನ ಆಚೆ ಕೂತು, ‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಎಂದು ಹೊಸದಾಗಿ ಸಂದರ್ಶನ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಗುನಗುತ್ತಲೇ ಹೇಳುತ್ತಿದ್ದೆ. ನಮ್ಮ ವಿಭಾಗದ ಹಿರಿಯರೊಬ್ಬರು ಕೆಲವೇ ವರ್ಷಗಳಲ್ಲಿ ನಿವೃತ್ತರಾಗುವವರಿದ್ದರು. ಅವರ ಖಾಯಂ ಜಾಗಕ್ಕೆ ಪಿಎಚ್.ಡಿ. ಆದವರನ್ನೇ ತೆಗೆದುಕೊಳ್ಳುವುದು, ಅಷ್ಟರೊಳಗೆ ಮುಗಿಸಿಬಿಡಿ ಎಂದು ಪ್ರಾಂಶುಪಾಲರು ಒಮ್ಮೆ ಕರೆದು ಹೇಳಿದರು. ಅದು ಭರವಸೆಯಲ್ಲ, ಬರೀ ಮಾತು. ಬರೀ ಮಾತಿಗೇ ಜೋತುಬಿದ್ದು ಬದುಕುತ್ತಿದ್ದವಳಿಗೆ ಅಷ್ಟು ಸಾಕಾಗಿತ್ತು. ಆ ವರ್ಷವೇ ನೋಂದಣಿ ಮಾಡಿಸಿದೆ.

ನನ್ನ ವಿಷಯ ಕಟ್ಟಡ ಕೆಲಸಕ್ಕೆ ಬಂದ ಹೆಂಗಸರದು. ಆಗ ಕಲ್ಯಾಣ, ಶಹಾಡ್ ಕಡೆ ಎಲ್ಲಿ ನೋಡಿದರೂ ಟವರ್‌ಗಳು ಏಳುತ್ತಿದ್ದವು. ಕಲಬುರಗಿ, ವಿಜಯಪುರ, ರಾಯಚೂರಿನಿಂದ ಬಂದ ಕುಟುಂಬಗಳು ಏಳುತ್ತಿರುವ ಕಟ್ಟಡದ ಬುಡದಲ್ಲೇ ತಗಡಿನ ಶೆಡ್ ಹಾಕಿಕೊಂಡು ಇರುತ್ತಿದ್ದವು. ಕಟ್ಟಡ ಮುಗಿದರೆ ಶೆಡ್ ಕಿತ್ತು ಮುಂದಿನ ಸೈಟಿಗೆ. ಹಾಗೆ ಕಿತ್ತು ಕಿತ್ತು ಕಟ್ಟುವುದನ್ನು ಹೆಂಗಸರು ಹೇಗೆ ಮನೆ ಮಾಡಿಕೊಳ್ಳುತ್ತಾರೆ ಎನ್ನುವುದು ನನ್ನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಈಗಲೂ ಹಾಗೇ ಅನಿಸುತ್ತದೆ, ಸಂಕಟ ಆಗುವುದೂ ಅದಕ್ಕೇ. ನನ್ನ ಗೈಡ್ ಥಾಣೆಯ ಒಂದು ಕಾಲೇಜಿನ ಪ್ರಾಧ್ಯಾಪಕಿ, ಮರಾಠಿಯವರು. ‘ವಾ, ಹೇ ಛಾನ್ ಆಹೇ’ ಎಂದು ಮೊದಲ ಭೇಟಿಯಲ್ಲೇ ಒಪ್ಪಿದರು. ನೀನು ಅವರ ಭಾಷೆ ಬಲ್ಲವಳು, ಇದು ನಿನ್ನಿಂದಲೇ ಆಗಬೇಕು ಎಂದರು. ಆಮೇಲೆ ಎಲ್ಲ ಗೈಡ್‌ಗಳೂ ಹೇಳುವುದನ್ನೇ ಅವರೂ ಹೇಳಿದರು: ಮೊದಲು ಓದು.

ಮನೆಯಲ್ಲಿ ನಾವು ನಾಲ್ವರು. ಇವರು ಥಾಣೆ ಪೂರ್ವದ ಕೋಪರಿಯಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ಬೆಳಿಗ್ಗೆ ಹೋದರೆ ಮುಖ ಕಾಣುವುದು ಊಟ ಮುಗಿದ ಮೇಲೆ. ಮಗಳು ಆಗಿನ್ನೂ ಬಾಲವಾಡಿ. ಉಡುಪಿ ಕಡೆಯ ಅತ್ತೆ ಮೊಮ್ಮಗಳನ್ನು ನೋಡಿ ಹೋಗಲೆಂದು ಬಂದವರು, ನನ್ನ ಓಡಾಟ ನೋಡಿ ಇಲ್ಲೇ ಉಳಿದರು. ಪಿಎಚ್.ಡಿ. ಅಂದರೆ ಎಂತ ಎಂದು ಅವರು ಕೇಳಿದಾಗ, ಅದೂ ಡಾಕ್ಟರೇ, ಆದರೆ ಸೂಜಿ ಚುಚ್ಚುವ ಡಾಕ್ಟರ್ ಅಲ್ಲ ಎಂದೆ. ‘ಎಂತ ಡಾಕ್ಟರಾದ್ರೂ ಆಗು ಮಾರಾಯ್ತಿ, ಒಮ್ಮೆ ಆಗಿಬಿಡು’ ಎಂದು ನಕ್ಕರು. ಅಂದಿನಿಂದ ಅಡುಗೆಮನೆ, ಶಾಲೆಯ ಡಬ್ಬಿ, ಮಗಳ ಜ್ವರ, ಹಾಲಿನವನ ಜೊತೆಗಿನ ಜಗಳ, ಎಲ್ಲ ಅವರ ಕೈಗೆ ಹೋಯಿತು. ನಾನು ಬಿಟ್ಟುಕೊಟ್ಟೆ. ನನಗೆ ಓದುವುದಿತ್ತು.

ಮೊದಮೊದಲು ಜೆರಾಕ್ಸ್ ಹೊತ್ತುಕೊಂಡು ತಿರುಗುತ್ತಿದ್ದೆ. ಮಳೆಗಾಲದಲ್ಲಿ ಥಾಣೆಯ ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಚೀಲದ ಕಾಗದವೆಲ್ಲ ಒದ್ದೆ ದೋಸೆಯಂತೆ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ಅದನ್ನು ಬಾಲ್ಕನಿಯ ಹಗ್ಗದಲ್ಲಿ ಒಣಹಾಕುವುದು ನೋಡಿ ಇವರಿಗೆ ಪಾಪ ಅನಿಸಿರಬೇಕು. ಒಂದು ದಿನ ಟ್ಯಾಬ್ ತಂದುಕೊಟ್ಟರು. ತುದಿಗೆ ಕಪ್ಪು ರಬ್ಬರ್ ಇದ್ದ ಒಂದು ಪೆನ್ನೂ ಜೊತೆಗಿತ್ತು. ಕಾಲೇಜಿನ ಲೈಬ್ರರಿ ಕಂಪ್ಯೂಟರಿನಿಂದ ಪಿಡಿಎಫ್‌ಗಳನ್ನು ಇಳಿಸಿ ಅದಕ್ಕೆ ತುಂಬಿದೆ. ವಿದ್ಯಾರ್ಥಿನಿಯೊಬ್ಬಳು ಟಿಪ್ಪಣಿ ಮಾಡುವ ಒಂದು ಆ್ಯಪ್ ಹಾಕಿಕೊಟ್ಟಳು. ಪಿಡಿಎಫ್ ತೆರೆದು, ಸಾಲಿನ ಮೇಲೆ ಪೆನ್ನು ಎಳೆದರೆ ಬಣ್ಣ ಬೀಳುತ್ತದೆ. ಅಂಚಿನಲ್ಲಿ ಬೆರಳಿಟ್ಟರೆ ಒಂದು ಚೌಕ ತೆರೆಯುತ್ತದೆ, ಅದರಲ್ಲಿ ನಮ್ಮ ಮಾತು ಬರೆಯಬಹುದು. ಅಷ್ಟೇ. ಆದರೆ ಮೊದಲ ಸಲ ಆ ಹಳದಿ ಗೆರೆ ಎಳೆದಾಗ ನನಗಾದ ಖುಷಿಯನ್ನು ನೆನೆದರೆ ಈಗ ಅಳು ಬರುತ್ತದೆ.

ನಾನು ಶಿಸ್ತಿನವಳು. ಬಣ್ಣಕ್ಕೊಂದು ಕಾನೂನು ಮಾಡಿಕೊಂಡೆ. ಮುಖ್ಯವಾದದ್ದಕ್ಕೆ ಹಳದಿ. ಪ್ರಬಂಧದಲ್ಲಿ ಹೆಸರು ಸಮೇತ ಎತ್ತಿ ಹೇಳಬೇಕಾದದ್ದಕ್ಕೆ ಹಸಿರು. ಒಪ್ಪಿಗೆ ಇಲ್ಲದ್ದಕ್ಕೆ ಗುಲಾಬಿ. ಅರ್ಥವಾಗದ್ದಕ್ಕೆ ನೀಲಿ. ಕೆಲವು ಪಿಡಿಎಫ್‌ಗಳು ಹಳೆಯ ಪುಸ್ತಕವನ್ನು ಫೋಟೋ ಹೊಡೆದಂಥವು, ಅವುಗಳಲ್ಲಿ ಸಾಲು ಹಿಡಿಯಲು ಬರುತ್ತಿರಲಿಲ್ಲ. ಅಂಥ ಕಡೆ ಬೇಕಾದ ವಾಕ್ಯವನ್ನು ನೋಡಿಕೊಂಡು ಅಂಚಿನ ಚೌಕದೊಳಗೆ ನಾನೇ ಟೈಪ್ ಮಾಡಿ ಇಡುತ್ತಿದ್ದೆ. ಅದೇ ಚೌಕದಲ್ಲಿ ನನ್ನ ಅನಿಸಿಕೆಗಳನ್ನೂ ಬರೆಯುತ್ತಿದ್ದೆ. ಯಾವುದು ಯಾರದು ಎಂದು ಆಗ ಅನುಮಾನವೇ ಇರಲಿಲ್ಲ. ಪುಟ ಕಣ್ಣೆದುರೇ ಇತ್ತಲ್ಲ.

ಗಾಡಿಯ ಹೆಂಗಸರ ಡಬ್ಬಿಯಲ್ಲಿ ನನಗೊಂದು ಹೆಸರೇ ಬಂತು, ‘ಪಢಾಯಿವಾಲಿ’, ಓದುವವಳು. ಒಬ್ಬಳು ಅವರೆಕಾಯಿ ಬಿಡಿಸುತ್ತಾಳೆ, ಒಬ್ಬಳು ಮಂಗಳಸೂತ್ರ ಸರಿಸಿಕೊಂಡು ಆರತಿ ಗುನುಗುತ್ತಾಳೆ, ನಾನು ಗೆರೆ ಎಳೆಯುತ್ತೇನೆ. ಗಾಡಿ ಪಾರ್ಸಿಕ್ ಸುರಂಗ ಹೊಕ್ಕಾಗ ಕತ್ತಲಲ್ಲಿ ನನ್ನ ಮುಖವೊಂದೇ ಬೆಳಗುತ್ತದೆ ಎಂದು ಅವರು ತಮಾಷೆ ಮಾಡುತ್ತಿದ್ದರು. ನಾಲ್ಕನೇ ಸೀಟಿನ ತುದಿಯಲ್ಲಿ ಅರ್ಧ ಕೂತಿದ್ದರೆ, ‘ಆತ ಬಸಾ, ನೀಟ ಬಸಾ’ ಎಂದು ಸರಿದು ಜಾಗ ಕೊಡುತ್ತಿದ್ದರು. ಐರೋಲಿ ದಾಟಿ ಗಾಡಿ ವಾಲಾಡುವಲ್ಲಿ ನನ್ನ ಗೆರೆ ಸೊಟ್ಟಗಾಗಿ ಪಕ್ಕದ ಸಾಲಿಗೂ ಬಣ್ಣ ಮೆತ್ತುತ್ತಿತ್ತು. ಅಳಿಸಿ ಮತ್ತೆ ಎಳೆಯಲು ಹೋದರೆ ಅಷ್ಟರಲ್ಲಿ ಘನ್ಸೋಲಿ ಸ್ಟೇಷನ್. ಹಾಗಾಗಿ ಬಿಟ್ಟುಬಿಡುತ್ತಿದ್ದೆ. ಮನೆಯಲ್ಲಿ ಓದಿದ್ದು ನೇರ, ಗಾಡಿಯಲ್ಲಿ ಓದಿದ್ದು ಸೊಟ್ಟ. ನನ್ನ ಓದಿನಲ್ಲಿ ಮುಕ್ಕಾಲು ಪಾಲು ಸೊಟ್ಟವೇ.

ಬಣ್ಣ ಬಳಿಯುವುದರಲ್ಲಿ ಒಂದು ಮೋಸವಿದೆ. ಅದನ್ನು ಯಾರೂ ನನಗೆ ಹೇಳಲಿಲ್ಲ. ಗೆರೆ ಎಳೆದ ಕೂಡಲೇ ಆ ವಾಕ್ಯ ನಮ್ಮದಾಯಿತು ಅನಿಸುತ್ತದೆ. ತಲೆಯೊಳಗೆ ಹೋಗಿರುವುದಿಲ್ಲ, ಟ್ಯಾಬಿನೊಳಗೆ ಇದೆ ಎನ್ನುವ ಧೈರ್ಯವಷ್ಟೇ. ಇವತ್ತು ಗೆರೆ, ಯೋಚನೆ ಆಮೇಲೆ. ಎರಡನೇ ವರ್ಷದ ಹೊತ್ತಿಗೆ ಕಾನೂನು ಸಡಿಲವಾಯಿತು. ಬಣ್ಣ ಬದಲಿಸಲು ಮೇಲಿನ ಪಟ್ಟಿಗೆ ಹೋಗಬೇಕು, ನೂಕುನುಗ್ಗಲಿನಲ್ಲಿ ಅದು ಯಾರಿಗೆ ಬೇಕು? ಹಳದಿಯೇ ಇರಲಿ. ಹಸಿರೂ ಹಳದಿಯಾಯಿತು, ನೀಲಿಯೂ ಹಳದಿಯಾಯಿತು. ಅರ್ಥವಾಗದ ಪುಟಗಳೂ ಮುಖ್ಯವಾದ ಪುಟಗಳೂ ಒಂದೇ ಬಣ್ಣದಲ್ಲಿ ಹೊಳೆಯತೊಡಗಿದವು. ಒಂದು ಭಾನುವಾರ ಮಗಳು ನನ್ನ ಪಕ್ಕ ಬಗ್ಗಿ ನೋಡಿ ಒಳಕ್ಕೆ ಕೂಗಿದಳು, ‘ಅಜ್ಜೀ, ಮಮ್ಮಿ ಕಲರಿಂಗ್ ಕರ್ ರಹೀ ಹೈ!’ ಎಲ್ಲರೂ ನಕ್ಕರು, ನಾನೂ ನಕ್ಕೆ.

ಒಂದು ಲೇಖನ ಮುಗಿದರೆ ಅದರ ಕೊನೆಯಲ್ಲಿ ಇನ್ನಷ್ಟು ಲೇಖನಗಳ ಹೆಸರು. ಅವನ್ನೂ ಓದದೆ ಹೇಗೆ? ಅವನ್ನು ಇಳಿಸಿದರೆ ಅವುಗಳ ಕೊನೆಯಲ್ಲಿ ಮತ್ತಷ್ಟು. ಬಡವರ ಮನೆಯ ಬಗ್ಗೆ ಜಗತ್ತಿನ ದೊಡ್ಡವರೆಲ್ಲ ಇಷ್ಟು ಬರೆದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಓದಿದಷ್ಟೂ ನಾನು ಚಿಕ್ಕವಳಾಗುತ್ತಾ ಹೋದೆ. ಇವರು ಒಮ್ಮೆ ಊಟ ಮಾಡುತ್ತಾ ಸುಮ್ಮನೆ ಕೇಳಿದರು, ‘ಇಷ್ಟು ಓದಿದ್ದಾಯ್ತಲ್ಲ, ಬರಿಯುದು ಯಾವಾಗ?’ ನಾನು ಹಾರಿಬಿದ್ದೆ. ಇಡ್ಲಿ ಬೇಯಿಸಿದ ಹಾಗಲ್ಲ ಇದು ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಗೈಡ್ ಒತ್ತಾಯಿಸಿದ್ದರಿಂದ ಒಂದು ಸಲ ಮಾತ್ರ ಶಹಾಡಿಗೆ ಹೋಗಿ ಬಂದೆ. ಸ್ಟೇಷನ್ನಿನಿಂದ ರಿಕ್ಷಾ ಹಿಡಿದರೆ ಸ್ವಲ್ಪವೇ ದೂರದಲ್ಲಿ ಒಂದು ಸೈಟು. ಕಟ್ಟಡಕ್ಕೆ ಆಗ ಅರ್ಧ ಎತ್ತರವೂ ಬಂದಿರಲಿಲ್ಲ. ಕೆಳಗೆ ಸಾಲಾಗಿ ತಗಡಿನ ಶೆಡ್‌ಗಳು. ಒಂದರ ಬಾಗಿಲಲ್ಲಿ ಕಲಬುರಗಿ ಕಡೆಯ ಹೆಂಗಸೊಬ್ಬಳು ರೊಟ್ಟಿ ತಟ್ಟುತ್ತಿದ್ದಳು. ನಾನು ಕನ್ನಡ ಮಾತನಾಡಿದ್ದು ಕೇಳಿ ಕೈ ನಿಲ್ಲಿಸಿ ಕಣ್ಣರಳಿಸಿದಳು. ಕಾಲೇಜಿನಲ್ಲಿ ಕಲಿಸುತ್ತೇನೆ ಎಂದೊಡನೆ ಅಕ್ಕೋರು ಎನ್ನತೊಡಗಿದಳು. ಕಟ್ಟಡ ಮುಗಿದರೆ ಏನು ಮಾಡುತ್ತೀರಿ ಎಂದು ಕೇಳಿದೆ.

‘ಏನ್ ಮಾಡೂದದರೀ ಅಕ್ಕೋರ, ಕಿತ್ಗೊಂಡು ಹೋಗೂದು. ಕಡೀ ಸ್ಲ್ಯಾಬ್ ಬಿದ್ದ ದಿನ ಶೇಟ್ ಪೇಡೆ ಹಂಚ್ತಾನ್ರಿ. ಎಲ್ಲಾರೂ ಖುಷಿಲೆ ತಿಂತಾರ. ನನಗ ಮಾತ್ರ ಆ ಪೇಡೆ ಗಂಟಲದಾಗ ಇಳಿಯಂಗಿಲ್ರಿ. ನಾ ಎತ್ತಿದ ಸ್ಲ್ಯಾಬೇ ನನ್ನ ಮನಿ ಕೆಡಸ್ತದಲ್ಲಾ ಅನಸ್ತದ.’

ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿದಳು. ಹೊರಡುವಾಗ, ‘ಮತ್ತ ಬರ್ತೀರಿಲ್ರೀ? ಈ ಓಣ್ಯಾಗ ಇನ್ನೂ ಭಾಳ ಮಂದಿ ಅದಾರ, ಎಲ್ಲಾರ ಸಂಗಟ ಮಾತಾಡಸ್ತೀನಿ,’ ಎಂದಳು. ಓದುವುದು ಸ್ವಲ್ಪ ಉಳಿದಿದೆ, ಮುಗಿಸಿಕೊಂಡು ಬರುತ್ತೇನೆ ಎಂದೆ. ‘ಓದ್ರಿ ಓದ್ರಿ, ನಾವೇನ್ ಎಲ್ಲಿಗಿ ಹೋಗ್ತೀವಿ,’ ಎಂದು ನಕ್ಕಳು. ವಾಪಸು ಗಾಡಿಯಲ್ಲಿ ಅವಳು ಹೇಳಿದ್ದನ್ನು ಟ್ಯಾಬಿನಲ್ಲಿ ಬರೆದುಕೊಂಡೆ. ಐದಾರು ಸಾಲು. ಬರೆದು ಮುಗಿಸಿ, ಮತ್ತೆ ಪಿಡಿಎಫ್ ತೆರೆದೆ.

ನಾಲ್ಕನೆಯ ವರ್ಷವೋ ಐದನೆಯದೋ, ಟ್ಯಾಬ್ ಹೊಟ್ಟೆ ಬಿರಿಯುವಷ್ಟು ತುಂಬಿತು. ಒಂದು ಪುಟ ತಿರುಗಿಸಿದರೆ ಮುಂದಿನದು ಬರುವಷ್ಟರಲ್ಲಿ ಸ್ಟೇಷನ್ ಬರುತ್ತಿತ್ತು. ಆ್ಯಪಿನ ಹೊಸ ಆವೃತ್ತಿ ಈ ಹಳೆಯ ಟ್ಯಾಬಿಗೆ ಆಗುವುದಿಲ್ಲ, ಇರುವುದನ್ನು ಹೊರತೆಗೆದಿಟ್ಟುಕೊಳ್ಳಿ ಎಂದು ದಿನಾ ಸೂಚನೆ. ನೋಂದಣಿಯ ಗಡುವೂ ಹತ್ತಿರ ಬರುತ್ತಿತ್ತು. ಇನ್ನು ಬರೆಯಲೇಬೇಕು. ಹೊರತೆಗೆಯುವ ಕಡೆ ಹೋದರೆ ಆ್ಯಪ್ ಕೇಳಿತು: ಪಿಡಿಎಫ್ ಸಮೇತ ಬೇಕೋ, ಗುರುತು ಮಾಡಿದ ಸಾಲು ಮತ್ತು ಟಿಪ್ಪಣಿ ಮಾತ್ರ ಸಾಕೋ? ಪಿಡಿಎಫ್ ಸಮೇತ ಎಂದರೆ ಒಂದೊಂದನ್ನೇ ಕಳಿಸಬೇಕು. ಎರಡನೆಯದಾದರೆ ಎಲ್ಲವೂ ಒಂದೇ ಫೈಲಿನಲ್ಲಿ, ಒಂದೇ ಏಟಿಗೆ. ಬರೆಯಲು ಬೇಕಾದದ್ದು ಅದೇ ಅಲ್ಲವೇ? ಸಾಲು ಮತ್ತು ಟಿಪ್ಪಣಿ ಸಾಕು ಎಂದು ಒತ್ತಿದೆ. ಫೈಲು ಇ-ಮೇಲಿಗೆ ಬಂತು. ತೆರೆದು ನೋಡಿದರೆ ನೂರಾರು ಪುಟ. ಅಬ್ಬಾ, ಇಷ್ಟೊಂದು ಕೆಲಸ ಮಾಡಿದ್ದೇನಾ ಎಂದು ಹೆಮ್ಮೆಯಾಯಿತು. ಟ್ಯಾಬನ್ನು ಪೂರ್ತಿ ಅಳಿಸಿ ಶಾಲೆಯ ವಿಡಿಯೋ ನೋಡಲು ಮಗಳಿಗೆ ಕೊಟ್ಟೆ.

ಆ ಫೈಲಿನಲ್ಲಿ ಬಣ್ಣ ಇರಲಿಲ್ಲ. ಹಳದಿ, ಹಸಿರು, ಗುಲಾಬಿ ಯಾವುದೂ ಇಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ, ಸಾಲಿನ ಕೆಳಗೆ ಸಾಲು. ನಾನು ಬಣ್ಣ ಬಳಿದ ಆ ದೊಡ್ಡವರ ವಾಕ್ಯ, ಚೌಕದಲ್ಲಿ ನಾನು ಟೈಪ್ ಮಾಡಿದ ಅವರ ವಾಕ್ಯ, ಅದರ ಕೆಳಗೆ ನನ್ನ ವಾಕ್ಯ, ಎಲ್ಲವೂ ಒಂದೇ ಅಚ್ಚಿನಲ್ಲಿ. ಪಿಡಿಎಫ್‌ಗಳ ಹೆಸರೋ, ಇಳಿಸುವಾಗ ಬಂದ ಅಂಕಿಗಳು. ನಾನು ಬದಲಿಸಿರಲೇ ಇಲ್ಲ. ಇದು ಆಗ ನನಗೆ ಹೊಳೆಯಲಿಲ್ಲ ಎಂದರೆ ನಂಬಬೇಕು. ಅಷ್ಟು ವರ್ಷ ಅವರನ್ನೇ ಓದಿ ಓದಿ ನನ್ನ ಇಂಗ್ಲಿಷೂ ಅವರದರಂತೆಯೇ ಆಗಿತ್ತು. ಓದುತ್ತಾ ಹೋದರೆ ಎಲ್ಲವೂ ನನ್ನದೇ ದನಿಯಲ್ಲಿ ಕೇಳುತ್ತಿತ್ತು.

ಆ ಬೇಸಿಗೆಯಷ್ಟು ಸುಖ ನಾನು ಯಾವತ್ತೂ ಪಟ್ಟಿಲ್ಲ. ಕಾಲೇಜಿಗೆ ರಜೆ, ಸಂಬಳಕ್ಕೂ ರಜೆ, ಆದರೂ ಚಿಂತೆ ಇರಲಿಲ್ಲ. ಬೆಳಿಗ್ಗೆ ಕೂತರೆ ಅಧ್ಯಾಯ ತಾನಾಗಿ ಬೆಳೆಯುತ್ತಿತ್ತು. ಈ ತುಂಡನ್ನು ಇಲ್ಲಿಡು, ಆ ತುಂಡನ್ನು ಅಲ್ಲಿಡು, ನಡುವೆ ಒಂದು ‘ಆದ್ದರಿಂದ’ ಹಾಕು. ಯಾರದೆಂದು ಗುರುತು ಸಿಕ್ಕಲ್ಲಿ ಹೆಸರು ಹಾಕಿದೆ. ಸಿಗದಿದ್ದಲ್ಲಿ, ಇದು ನನ್ನದೇ ಯೋಚನೆ, ಯಾವುದೋ ಗಾಡಿಯಲ್ಲಿ ಬರೆದದ್ದು ಅಂದುಕೊಂಡೆ. ಅತ್ತೆ ಹೊತ್ತು ಹೊತ್ತಿಗೆ ಚಹಾ ತಂದಿಟ್ಟು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಿದ್ದರು. ಮಳೆ ಶುರುವಾಗುವ ಹೊತ್ತಿಗೆ ನಾಲ್ಕು ಅಧ್ಯಾಯ ಗೈಡ್‌ಗೆ ಕಳಿಸಿದೆ. ಕಾಲೇಜಿನ ಆ ಹಿರಿಯರು ಅದೇ ವರ್ಷಾಂತ್ಯಕ್ಕೆ ನಿವೃತ್ತಿ. ಲೆಕ್ಕ ಸರಿಯಾಗಿತ್ತು.

ಗೈಡ್ ಫೋನು ಮಾಡಿ ಬಾ ಎಂದರು, ದನಿಯಲ್ಲಿ ಏನೂ ಗೊತ್ತಾಗಲಿಲ್ಲ. ಪ್ರಬಂಧ ಒಪ್ಪಿಸುವ ಮುಂಚೆ ಅದನ್ನು ನಕಲು ಪತ್ತೆ ಮಾಡುವ ಸಾಫ್ಟ್‌ವೇರಿಗೆ ಕೊಡಬೇಕೆಂಬ ನಿಯಮ ಆಗಷ್ಟೇ ಬಿಗಿಯಾಗಿತ್ತು. ಅವರು ನನ್ನ ನಾಲ್ಕೂ ಅಧ್ಯಾಯಗಳನ್ನು ಮುಂಚಿತವಾಗಿಯೇ ಕೊಟ್ಟು ನೋಡಿದ್ದರು. ಅದರ ವರದಿ ಅವರ ಕಂಪ್ಯೂಟರಿನಲ್ಲಿ ತೆರೆದಿತ್ತು. ಅದೂ ಒಂದು ಪಿಡಿಎಫ್.

ನನ್ನ ಅಧ್ಯಾಯದ ಮೇಲೆ ಬಣ್ಣ ಬಿದ್ದಿತ್ತು. ಕೆಂಪು, ನೇರಳೆ, ಹಸಿರು, ಕಿತ್ತಳೆ. ಬೇರೆ ಕಡೆ ಸಿಕ್ಕ ಒಂದೊಂದು ಮೂಲಕ್ಕೆ ಒಂದೊಂದು ಬಣ್ಣವಂತೆ. ಮೇಡಂ ಒಂದೊಂದೇ ಪುಟ ಸರಿಸುತ್ತಾ ಹೋದರು. ಪುಟದ ಮೇಲಿನಿಂದ ಕೆಳಗಿನವರೆಗೆ ಬಿಳಿಯೇ ಇಲ್ಲ. 

‘ಹೇ ಬಘ. ಜೋ ರಂಗೀನ್ ಹೈ, ವೋ ದೂಸ್ರೋಂ ಕಾ ಹೈ,’ ಎಂದರು. ಬಣ್ಣ ಇದ್ದದ್ದೆಲ್ಲ ಬೇರೆಯವರದು.

ಟ್ಯಾಬ್, ಫೈಲು, ಚೌಕ ಎಂದೆಲ್ಲ ಏನೇನೋ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ ಕನ್ನಡಕ ತೆಗೆದಿಟ್ಟು, ‘ತೂ ಚೋರ್ ನಹೀ ಹೈ, ಮೈ ಜಾನ್ತೀ ಹೂಂ. ಲೇಕಿನ್ ಕಾಗಜ್ ಪರ್ ತೋ ಚೋರೀ ಹೀ ದಿಖ್ತೀ ಹೈ’ ಎಂದರು. ನಾನು ಕಳ್ಳಿಯಲ್ಲ ಎಂದು ಅವರಿಗೆ ಗೊತ್ತು, ಕಾಗದದ ಮೇಲೆ ಮಾತ್ರ ಅದು ಕಳವೇ. ಬೈದಿದ್ದರೆ ತಿರುಗಿ ಮಾತನಾಡುವ ಜಾತಿ ನನ್ನದು. ಅವರು ಬೈಯಲಿಲ್ಲ. ಬಿಳಿ ಉಳಿದ ಜಾಗಗಳನ್ನು ಹುಡುಕಿ ತೋರಿಸಿದರು. ಅಲ್ಲೊಂದು ‘ಆದ್ದರಿಂದ’, ಇಲ್ಲೊಂದು ‘ಆದರೂ’. ನಾನು ಭಕ್ತಿಯಿಂದ ಒಬ್ಬ ದೊಡ್ಡ ಪಂಡಿತರ ಹೆಸರು ಹಾಕಿ ಎತ್ತಿಕೊಟ್ಟಿದ್ದ ಎರಡು ವಾಕ್ಯಕ್ಕೂ ಬಣ್ಣ ಬಿದ್ದಿರಲಿಲ್ಲ. ಅವು ಆ ಪಂಡಿತರು ಬರೆದವಲ್ಲ, ನನ್ನವೇ ಇರಬೇಕು. ಇಲ್ಲದೆಯೂ ಇರಬಹುದು. ಮೂರನೇ ಅಧ್ಯಾಯದ ನಡುವೆ ಐದಾರು ಸಾಲು ಒಟ್ಟಾಗಿ ಬಿಳಿಯಾಗಿ ಉಳಿದಿದ್ದವು. ಮೇಡಂ ಅಲ್ಲಿ ಬೆರಳಿಟ್ಟು, ಇದು ಚೆನ್ನಾಗಿದೆ, ಇಂಥದ್ದು ಇನ್ನಷ್ಟು ಬೇಕು, ಹೋಗು, ಶಹಾಡಿನ ಆ ಹೆಂಗಸಿನ ಜೊತೆ ಕೂತು ಮಾತನಾಡಿ ಬಾ ಎಂದರು. ಗಡುವಿಗೆ ಇನ್ನು ಕೆಲವು ತಿಂಗಳಿತ್ತು.

ಮರುದಿನವೇ ಶಹಾಡಿಗೆ ಹೋದೆ. ಶೆಡ್‌ಗಳಿದ್ದ ಕಡೆ ಕಾರು ನಿಲ್ಲಿಸುವ ಜಾಗ ಆಗಿತ್ತು, ಬಿಳಿ ಪಟ್ಟಿ ಎಳೆದು ನಂಬರು ಹಾಕಿದ್ದರು. ಟವರಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ವಾಚ್‌ಮನ್‌ನನ್ನು ಕೇಳಿದೆ. ಬಿಲ್ಡಿಂಗ್ ಕಟ್ಟಿದವರು ಎಂದರೆ ಬಿಲ್ಡರ್ ಆಫೀಸಿಗೆ ಹೋಗಿ ಎಂದ. ಕೆಲಸದವರು ಎಂದೆ. ‘ವೋ ಲೋಗ್? ವೋ ತೋ ಕಬ್ ಕೇ ಗಯೇ,’ ಎಂದ. ಎಲ್ಲಿಗೆ ಎಂದು ಅವನಿಗೇನು ಗೊತ್ತು. ಅವಳ ಹೆಸರು ಕೇಳಿ ಬರೆದುಕೊಂಡಿದ್ದೆ, ಊರು ಕೇಳಿರಲಿಲ್ಲ. ಅದು ಎರಡನೇ ಭೇಟಿಯ ಪ್ರಶ್ನೆಗಳಲ್ಲಿತ್ತು. ರಿಕ್ಷಾ ಸಿಗದೆ ಸ್ಟೇಷನ್ನಿನವರೆಗೆ ನಡೆದೇ ಬಂದೆ. ದಾರಿಯಲ್ಲಿ ಇನ್ನೆರಡು ಸೈಟುಗಳಿದ್ದವು, ಅಲ್ಲೂ ಶೆಡ್‌ಗಳಿದ್ದವು. ಒಂದರೊಳಗೆ ಹೋಗಿ ಮಾತು ಶುರು ಮಾಡಿದೆ ಕೂಡ. ಹೆಂಗಸರು ನನ್ನ ಬಾಯಿ ನೋಡಿದರು. ನನ್ನ ದನಿಯಲ್ಲಿ ಅವಸರ ಇತ್ತು, ಹೆದರಿಕೆ ಇತ್ತು. ಸರ್ವೆಯವಳೋ ಪೊಲೀಸಿನವಳೋ ಎಂದು ಅನುಮಾನವಾಗಿ ಒಬ್ಬಳೂ ಸರಿಯಾಗಿ ಮಾತನಾಡಲಿಲ್ಲ.

ಮತ್ತೆ ಬರೆಯಲು ಕೂತೆ. ಈ ಸಲ ಫೈಲಿಲ್ಲ, ಟ್ಯಾಬಿಲ್ಲ, ಬಿಳಿ ಹಾಳೆ, ಪೆನ್ನು. ಒಂದು ವಾಕ್ಯ ಬರೆದರೆ ಇದು ಎಲ್ಲಿಯದು ಎಂಬ ಅನುಮಾನ. ಎದ್ದು ಹೋಗಿ ಕಂಪ್ಯೂಟರಿನಲ್ಲಿ ಆ ವಾಕ್ಯ ಹಾಕಿ ಹುಡುಕುತ್ತಿದ್ದೆ. ಸಿಗದಿದ್ದರೂ ಸಮಾಧಾನವಿಲ್ಲ, ಸರಿಯಾಗಿ ಹುಡುಕಿಲ್ಲವೇನೋ ಅನಿಸುತ್ತಿತ್ತು. ನನಗೆ ನನ್ನ ಮಾತಿನ ಮೇಲೇ ನಂಬಿಕೆ ಹೋಯಿತು. ಗಾಡಿಯಲ್ಲಿ ಪಢಾಯಿವಾಲಿ ಕೈ ಖಾಲಿ ಬಿಟ್ಟು ಕೂತಿರುವುದು ನೋಡಿ, ಪರೀಕ್ಷೆ ಮುಗಿಯಿತಾ ಎಂದು ಡಬ್ಬಿಯವರು ಕೇಳಿದರು. ಹೂಂ ಎಂದೆ. ಅಷ್ಟು ವರ್ಷ ಓದಿದ್ದರಲ್ಲಿ ಏನು ಉಳಿದಿದೆ ಎಂದು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದರೆ ಕಾಣುವುದು ಬಣ್ಣ ಮಾತ್ರ. ಪುಟದಲ್ಲಿ ಎಲ್ಲಿ ಹಳದಿ ಇತ್ತು ಎಂಬುದು ಗೊತ್ತು, ಅದರ ಕೆಳಗೆ ಏನು ಬರೆದಿತ್ತು ಎಂಬುದು ಗೊತ್ತಿಲ್ಲ. ಆ ದಿನಗಳಲ್ಲಿ ರಬಾಳೆ ಸ್ಟೇಷನ್ನಿನಲ್ಲಿ ಸುಮ್ಮನೆ ಇಳಿದು ಬೆಂಚಿನ ಮೇಲೆ ಕೂತುಬಿಡುತ್ತಿದ್ದೆ. ಒಂದು ಗಾಡಿ ಬಿಟ್ಟು ಇನ್ನೊಂದು ಹತ್ತುತ್ತಿದ್ದೆ. ಎಲ್ಲಿಗೆ ಹೋಗುವುದಕ್ಕೂ ಮನಸ್ಸಿರಲಿಲ್ಲ.

ಗಡುವು ದಾಟಿತು. ಮುಂದುವರಿಸಲು ಕೇಳುವ ಅವಕಾಶ ಹಿಂದೆಯೇ ಬಳಸಿಯಾಗಿತ್ತು. ನೋಂದಣಿ ರದ್ದಾದ ವಿಷಯ ಮೇಡಂ ಮೆಸೇಜಿನಲ್ಲಿ ತಿಳಿಸಿದರು, ಕೆಳಗೆ ‘ಟೇಕ್ ಕೇರ್’ ಎಂದಿತ್ತು. ಕಾಲೇಜಿನ ಜಾಗಕ್ಕೆ ನಾಸಿಕದ ಕಡೆಯ ಒಬ್ಬ ಹುಡುಗಿ ಬಂದಳು, ಪಿಎಚ್.ಡಿ. ಆದವಳು, ಒಳ್ಳೆಯವಳು. ಮುಂದಿನ ಜೂನ್‌ನಲ್ಲಿ ಮೇಜಿನ ಆಚೆ ಅವಳೂ ಕೂತಿದ್ದಳು. ‘ನಿಮ್ಮ ಬಗ್ಗೆ ಹೇಳಿ’ ಎಂದರು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಆ ವರ್ಷ ತಾಸಿನ ಪಾಠವೂ ಸಿಗಲಿಲ್ಲ.

ಇವರಿಗೆ ಹೇಳಿಯಾಗಿತ್ತು. ಅತ್ತೆಗೆ ಹೇಳುವುದು ಮಾತ್ರ ಆಗಿರಲಿಲ್ಲ. ಬಿಲ್ಡಿಂಗಿನಲ್ಲಿ ಯಾರು ಸಿಕ್ಕಿದರೂ, ಸೊಸೆಯದು ಮುಗಿಯುತ್ತಾ ಬಂತು, ಇನ್ನೇನು ಎಂದು ಅವರು ಹೇಳುತ್ತಲೇ ಇದ್ದರು. ಕೊನೆಗೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವರು ನೆಲದ ಮೇಲೆ ಕೂತು ಬಸಳೆ ಸೋಸುತ್ತಿದ್ದಾಗ ನಾನೂ ಎದುರು ಕೂತೆ. ‘ಅತ್ತೆ, ಅದು ಆಗ್ಲಿಲ್ಲ. ಇನ್ನು ಆಗುವುದೂ ಇಲ್ಲ. ಕ್ಯಾನ್ಸಲ್ ಮಾಡಿದ್ರು,’ ಎಂದೆ. ಅಷ್ಟೇ ಹೇಳಿದೆ. ಬಣ್ಣದ ವಿಷಯ, ಫೈಲಿನ ವಿಷಯ ಹೇಳಲು ಎಲ್ಲಿಂದ ಶುರು ಮಾಡುವುದು?

ಅವರು ಕೈಯಲ್ಲಿದ್ದ ಸೊಪ್ಪನ್ನು ಬದಿಗಿಟ್ಟರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ದರೆ ಹಗುರಾಗುತ್ತಿತ್ತು. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮೊಣಕಾಲ ಮೇಲಿಟ್ಟರು.

‘ಓದಿದ್ದು ಸಾಲ್ಲಿಲ್ಲ ಕಾಣ್ತದೆ ಮಗಾ. ಮನೆಯ ಗಲಾಟೆಯಲ್ಲಿ ನಿನಗೆ ಓದ್ಲಿಕ್ಕೆ ಎಲ್ಲಿ ಆಗ್ತದೆ? ನನ್ನದೇ ತಪ್ಪು. ಇನ್ನೊಂದು ಸಲ ಶುರು ಮಾಡು. ಈ ಸಲ ಸಮಾ ಓದು. ನೀನು ಒಂದು ಕಡ್ಡಿ ಎತ್ತಿಡುದೂ ಬೇಡ, ಮಗುವನ್ನು ನಾನು ನೋಡ್ಕೊಳ್ತೇನೆ,’ ಎಂದರು.

ಮಗು ಹೊರಗಿನ ಕೋಣೆಯಲ್ಲಿತ್ತು. ಎತ್ತರದಲ್ಲಿ ನನ್ನ ಭುಜ ದಾಟಿದ್ದಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೆಳತಿಯ ಜೊತೆ ಮರಾಠಿಯಲ್ಲಿ ಏನೋ ಹೇಳಿ ನಗುತ್ತಿದ್ದಳು, ನಮ್ಮ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ. ಅವಳನ್ನು ಇನ್ನು ಯಾರೂ ನೋಡಿಕೊಳ್ಳಬೇಕಾಗಿರಲಿಲ್ಲ.